ಮುದ್ದತು ಬರೆಯದ ಹುಂಡಿ: ಸಲಿಂಗ ವಿವಾಹದ ತೀರ್ಪನ್ನು ಕುರಿತು

ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆಯಬೇಕೇ ಎಂಬ ಪ್ರಶ್ನೆಯನ್ನು ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಅಕ್ಟೋಬರ್ 17ರಂದು ತೀರ್ಪು ನೀಡಿತು. 'ಸುಪ್ರಿಯೋ ವಿರುದ್ಧ ಭಾರತ ಒಕ್ಕೂಟ' ಎಂಬುದು ಆ ಮೊಕದ್ದಮೆಯ ಹೆಸರು. ತೀರ್ಪಿನ ಒಟ್ಟು ಪುಟಗಳು 366. ಈ ವಿಷಯವಾಗಿ ಅಭಿಪ್ರಾಯವಿಲ್ಲದವರು ನಮ್ಮಲ್ಲಿ ವಿರಳ. ತೀರ್ಪನ್ನು ಓದಿದವರು ಅದಕ್ಕಿಂತಲೂ ವಿರಳ. ಸಂಜೆಯ ವಾರ್ತೆಯಲ್ಲಿ 'ನಿರಾಕರಣೆ' ಎಂಬ ಒಂದು ಪದವನ್ನು ಕೇಳಿ ಕೆಲವರು ನಿಟ್ಟುಸಿರಿಟ್ಟರು, ಕೆಲವರು ಕಣ್ಣೀರಿಟ್ಟರು. ಒಂದು ಗ್ರಂಥವನ್ನು ವಿಮರ್ಶಿಸುವಾಗ ಹೇಗೆ ಅದರ ಮಾತುಗಳನ್ನೇ ಹಿಡಿದು ನಡೆಯಬೇಕೋ ಹಾಗೆಯೇ ತೀರ್ಪನ್ನೂ ಪರಾಮರ್ಶಿಸಬೇಕು ಎಂಬ ಭಾವನೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ವಕೀಲನಲ್ಲ. ವಾಣಿಜ್ಯಶಾಸ್ತ್ರದ ಪದವಿ ಪಡೆದು ನಾಲ್ಕು ದಶಕಗಳ ಕಾಲ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು. ವ್ಯಾಪಾರಿಗೆ ದಸ್ತಾವೇಜು ಓದುವ ಒಂದು ಕ್ರಮವಿದೆ. ಪೀಠಿಕೆಯನ್ನು ಆಮೇಲೆ ನೋಡುತ್ತಾನೆ. ಯಾರು ಯಾರಿಗೆ ಏನು ಕೊಡಬೇಕು, ಯಾವ ದಿನ ಕೊಡಬೇಕು, ಕೊಡದಿದ್ದರೆ ಏನು ಎಂಬುದನ್ನು ಮೊದಲು ಹುಡುಕುತ್ತಾನೆ. ಶೀರ್ಷಿಕೆಯ 'ಹುಂಡಿ' ಬಸದಿಯ ಕಾಣಿಕೆಯ ಹುಂಡಿಯಲ್ಲ, ನಮ್ಮ ಹಿರಿಯರು ಬರೆಯುತ್ತಿದ್ದ ಸಾಹುಕಾರಿ ಹುಂಡಿ. ಅದರಲ್ಲಿ ದರ್ಶನಿ ಮತ್ತು ಮುದ್ದತು ಎಂದು ಎರಡು ಬಗೆ. ಒಂದನ್ನು ಕಂಡೊಡನೆ ಹಣ ಕೊಡಬೇಕು, ಇನ್ನೊಂದಕ್ಕೆ ಬರೆದ ಅವಧಿ ಮುಗಿದಾಗ ಕೊಡಬೇಕು. ಎರಡೂ ಅಲ್ಲದ ಹುಂಡಿಯನ್ನು ಯಾವ ಪೇಟೆಯಲ್ಲಿಯೂ ಯಾರೂ ಸ್ವೀಕರಿಸುತ್ತಿರಲಿಲ್ಲ.

ಮೊಕದ್ದಮೆಯ ಹಿನ್ನೆಲೆ ಸಂಕ್ಷೇಪವಾಗಿ ಇಷ್ಟು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ದಂಡ ಸಂಹಿತೆಯ 377ನೆಯ ಕಲಮಿನಂತೆ ಅಪರಾಧವಲ್ಲವೆಂದು ತೀರ್ಮಾನವಾಯಿತು. ಅಪರಾಧವಲ್ಲದ ಸಂಬಂಧಕ್ಕೆ ಕಾನೂನಿನಲ್ಲಿ ಸ್ಥಾನವೇನು ಎಂಬ ಪ್ರಶ್ನೆ ಸಹಜವಾಗಿಯೇ ಅದರ ಬೆನ್ನಿಗೆ ಬಂದಿತು. ಸುಮಾರು ಇಪ್ಪತ್ತು ಅರ್ಜಿಗಳನ್ನು ಒಟ್ಟುಗೂಡಿಸಿ 2023ರ ಏಪ್ರಿಲ್ 18ರಿಂದ ಮೇ 11ರವರೆಗೆ ಹತ್ತು ದಿನಗಳ ವಿಚಾರಣೆ ನಡೆಯಿತು. ಹಿಂದೂ ವಿವಾಹ ಕಾಯಿದೆ ಮೊದಲಾದ ವೈಯಕ್ತಿಕ ಕಾನೂನುಗಳನ್ನು ಮುಟ್ಟುವುದಿಲ್ಲ, 1954ರ ವಿಶೇಷ ವಿವಾಹ ಕಾಯಿದೆಯೊಂದನ್ನೇ ಪರಿಶೀಲಿಸುತ್ತೇವೆ ಎಂದು ಪೀಠವು ಆರಂಭದಲ್ಲಿಯೇ ಸ್ಪಷ್ಟಪಡಿಸಿತು. ಆ ಕಾಯಿದೆಯ 4ನೆಯ ಕಲಮು 'ಯಾವುದೇ ಇಬ್ಬರು ವ್ಯಕ್ತಿಗಳ' ನಡುವಣ ವಿವಾಹ ಎಂದೇ ಆರಂಭವಾಗುತ್ತದೆ. ಆದರೆ ಕೆಳಗಿಳಿದಾಗ ಪುರುಷನಿಗೆ 21, ಸ್ತ್ರೀಗೆ 18 ವರ್ಷ ತುಂಬಿರಬೇಕೆಂಬ ಷರತ್ತು ಎದುರಾಗುತ್ತದೆ. ಅರ್ಜಿದಾರರು ಮೊದಲ ಮಾತನ್ನು ಹಿಡಿದರು, ಸರ್ಕಾರ ಎರಡನೆಯದನ್ನು ಹಿಡಿಯಿತು.

ಐವರು ನ್ಯಾಯಮೂರ್ತಿಗಳಿಂದ ನಾಲ್ಕು ಅಭಿಪ್ರಾಯಗಳು ಹೊರಬಂದವು. ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರದು 247 ಪುಟ, ಸಂಜಯ್ ಕಿಶನ್ ಕೌಲ್ ಅವರದು 17, ಹಿಮಾ ಕೊಹ್ಲಿಯವರೊಡನೆ ಸೇರಿ ರವೀಂದ್ರ ಭಟ್ಟರು ಬರೆದದ್ದು 89, ಪಿ. ಎಸ್. ನರಸಿಂಹ ಅವರದು 13. ವಿವಾಹವಾಗುವ ಮೂಲಭೂತ ಹಕ್ಕು ಸಂವಿಧಾನದಲ್ಲಿಲ್ಲ, ವಿಶೇಷ ವಿವಾಹ ಕಾಯಿದೆಗೆ ನ್ಯಾಯಾಲಯವು ಹೊಸ ಪದಗಳನ್ನು ಸೇರಿಸಲಾಗದು ಎಂಬ ಎರಡು ಅಂಶಗಳಲ್ಲಿ ಐವರೂ ಏಕಮತ. ಲಿಂಗಾಂತರಿ ವ್ಯಕ್ತಿಯೊಬ್ಬರು ಸ್ತ್ರೀ-ಪುರುಷ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಂತೆಯೇ ವಿವಾಹವಾಗಬಹುದೆಂಬಲ್ಲಿಯೂ ಭಿನ್ನಮತವಿಲ್ಲ. ವಾರ್ತೆಗಳಲ್ಲಿ ಈ ಅಂಶ ಬಹುಮಟ್ಟಿಗೆ ಮರೆಯಾಯಿತು. ಭೇದವಿದ್ದದ್ದು ಮುಂದಿನ ಹೆಜ್ಜೆಯಲ್ಲಿ. ಇಂತಹ ಜೋಡಿಗಳಿಗೆ ವಿವಾಹವಲ್ಲದ ಒಂದು ಒಡನಾಟದ ಹಕ್ಕಿದೆ, ಅದನ್ನು ರಾಜ್ಯವು ಗುರುತಿಸಬೇಕು ಎಂದು ಚಂದ್ರಚೂಡ್ ಮತ್ತು ಕೌಲ್ ಹೇಳಿದರು. ಇಬ್ಬರು ಒಡನೆ ಬಾಳುವುದಕ್ಕೆ ತಡೆಯಿಲ್ಲ, ಆದರೆ ಅದಕ್ಕೊಂದು ಕಾನೂನಿನ ಪದವಿಯನ್ನು ಸೃಷ್ಟಿಸಿಕೊಡಲು ರಾಜ್ಯವನ್ನು ಬಾಧ್ಯಗೊಳಿಸಲಾಗದು ಎಂದು ಉಳಿದ ಮೂವರು ಹೇಳಿದರು. ಮೂವರ ಮಾತೇ ತೀರ್ಪಾಯಿತು.

ಬಹುಮತದ ಅಭಿಪ್ರಾಯವನ್ನು ಮೊದಲು ನೋಡೋಣ. ಭಟ್ಟರ ಬರವಣಿಗೆ ಸಂಯಮದ್ದು. ವಿರುದ್ಧ ಪಕ್ಷದವರನ್ನು ಹೀಯಾಳಿಸುವ ಒಂದು ನುಡಿಯೂ ಅದರಲ್ಲಿಲ್ಲ. 2023ರಲ್ಲಿ ಸರ್ಕಾರದ ಪರವಾಗಿ ಸಲ್ಲಿಸಿದ ಲಿಖಿತ ಹೇಳಿಕೆಯಲ್ಲಿ ಇದು ನಗರದ ಗಣ್ಯವರ್ಗದ ಅಭಿಪ್ರಾಯ ಎಂಬ ಅರ್ಥದ ಮಾತಿದ್ದುದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ. ಆದರೆ ಅವರ ವಾದದ ಆಧಾರಸ್ತಂಭವೊಂದು ನನಗೆ ಗಟ್ಟಿಯಾಗಿ ತೋರಲಿಲ್ಲ. ವಿವಾಹವೆಂಬ ಸಂಸ್ಥೆ ರಾಜ್ಯಕ್ಕಿಂತ ಹಿಂದಿನದು. ರಾಜ್ಯವು ಅದನ್ನು ಕೊಡಲಿಲ್ಲ, ಇದ್ದುದನ್ನು ಗುರುತಿಸಿತು ಅಷ್ಟೆ. ಆದುದರಿಂದ ಇಲ್ಲದ ವಿವಾಹವನ್ನು ಸೃಷ್ಟಿಸೆಂದು ರಾಜ್ಯವನ್ನು ಕೇಳಲಾಗದು ಎಂಬುದು ಅದರ ತಿರುಳು. ಸಪ್ತಪದಿಯ ವಿವಾಹಕ್ಕೆ ಈ ಮಾತು ಒಪ್ಪುತ್ತದೆ. ವಿಶೇಷ ವಿವಾಹಕ್ಕೆ ಹೇಗೆ ಒಪ್ಪೀತು? ಅದು ಯಾವ ಕುಲಾಚಾರದಿಂದಲೂ ಬಂದದ್ದಲ್ಲ, ಶಾಸನಸಭೆಯ ಮೇಜಿನ ಮೇಲೆಯೇ ಹುಟ್ಟಿದ್ದು.

ಈ ಇತಿಹಾಸವನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಅದರಲ್ಲಿ ನಮ್ಮ ಹೆಸರಿದೆ. ಬ್ರಹ್ಮಸಮಾಜದವರ ಒತ್ತಾಯದಿಂದ ಬಂದ 1872ರ ವಿವಾಹ ಕಾಯಿದೆಯಡಿ ಮದುವೆಯಾಗಬೇಕಾದವರು ತಾವು ಕ್ರೈಸ್ತ, ಯಹೂದಿ, ಹಿಂದೂ, ಮುಸ್ಲಿಂ, ಪಾರ್ಸಿ, ಬೌದ್ಧ, ಸಿಖ್ ಅಥವಾ ಜೈನ ಧರ್ಮವನ್ನು ಅವಲಂಬಿಸಿದವರಲ್ಲ ಎಂದು ಘೋಷಿಸಬೇಕಾಗಿತ್ತು. ಜಾತಿಯ ಹೊರಗೆ ವಿವಾಹವಾಗಬಯಸಿದ ಜೈನನೊಬ್ಬ ತಾನು ಜೈನನಲ್ಲವೆಂದು ಸಹಿ ಮಾಡಬೇಕಿತ್ತು! ಹರಿಸಿಂಗ್ ಗೌರರ ಪ್ರಯತ್ನದಿಂದ 1923ರಲ್ಲಿ ತಿದ್ದುಪಡಿಯಾಗಿ, ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮ ಧರ್ಮವನ್ನು ಅಲ್ಲಗಳೆಯದೆಯೇ ಪರಸ್ಪರ ವಿವಾಹವಾಗಲು ಅವಕಾಶ ದೊರೆಯಿತು. ಆದರೆ ಅದಕ್ಕೂ ಸುಂಕವಿತ್ತು. ಹಾಗೆ ವಿವಾಹವಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆಯೇ ಲೆಕ್ಕ. ದತ್ತು ಸ್ವೀಕರಿಸುವ ಹಕ್ಕು ಅವನಿಗಿಲ್ಲ. ಧಾರ್ಮಿಕ ಹುದ್ದೆಗಾಗಲಿ ಧರ್ಮಾದಾಯ ಸಂಸ್ಥೆಯ ಆಡಳಿತಕ್ಕಾಗಲಿ ಆ ಕಾಯಿದೆಯಿಂದ ಹಕ್ಕು ಒದಗದು. 1954ರ ಕಾಯಿದೆ ಧರ್ಮದ ಗೋಡೆಯನ್ನು ಪೂರ್ಣವಾಗಿ ಕೆಡವಿತಾದರೂ 19ನೆಯ ಕಲಮಿನಲ್ಲಿ ಅವಿಭಕ್ತ ಕುಟುಂಬದಿಂದ ಬೇರ್ಪಡುವ ನಿಯಮವನ್ನು ಉಳಿಸಿಕೊಂಡಿತು. 1976ರಲ್ಲಿ 21ಎ ಕಲಮು ಸೇರಿ, ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನ ಧರ್ಮಗಳ ಪೈಕಿ ಒಂದಕ್ಕೆ ಸೇರಿದವರಾದರೆ ಆ ನಿಯಮ ಅನ್ವಯಿಸದು ಎಂದಾಯಿತು.

ಅಂದರೆ, ಹಳೆಯ ಆಚಾರ ಯಾರನ್ನು ವಿವಾಹದ ಚಪ್ಪರದಿಂದ ಹೊರಗಿಟ್ಟಿತ್ತೋ ಅವರಿಗಾಗಿಯೇ ರಾಜ್ಯವು ಕಟ್ಟಿದ ಮನೆ ಈ ಕಾಯಿದೆ. ನೂರು ವರ್ಷಗಳಲ್ಲಿ ಅದರ ಬಾಗಿಲನ್ನು ಮೂರು ಬಾರಿ ಅಗಲಗೊಳಿಸಲಾಯಿತು. ಪ್ರತಿ ಬಾರಿಯೂ 'ಇದು ವಿವಾಹವೇ ಅಲ್ಲ' ಎಂದವರಿದ್ದರು. ಇಂತಹ ಕಾಯಿದೆಯನ್ನು ಮುಂದಿಟ್ಟುಕೊಂಡು 'ವಿವಾಹವು ರಾಜ್ಯಕ್ಕಿಂತ ಹಿಂದಿನದು' ಎಂಬ ಸೂತ್ರವನ್ನು ಅನ್ವಯಿಸಿದರೆ, ಆ ಸೂತ್ರ ಇಂದಿನ ಅರ್ಜಿದಾರರ ವಿರುದ್ಧ ಮಾತ್ರವಲ್ಲ, 1872ರ ಬ್ರಾಹ್ಮರ ವಿರುದ್ಧ, 1923ರ ಜೈನರ ವಿರುದ್ಧವೂ ನಿಲ್ಲಬೇಕಾಗುತ್ತದೆ. ಈ ಕಾಯಿದೆಯ ಚರಿತ್ರೆಯಿಂದ ಹೊರಡಬೇಕಾಗಿದ್ದ ನಿಗಮನ ಬಹುಮತದ ಅಭಿಪ್ರಾಯದಲ್ಲಿ ಹೊರಡಲಿಲ್ಲವೆಂಬುದೇ ನನ್ನ ಮುಖ್ಯ ಆಕ್ಷೇಪ.

ಹಾಗೆಂದು ನ್ಯಾಯಾಲಯವು ಪೆನ್ನು ಹಿಡಿದು ಕಾಯಿದೆಯನ್ನು ತಿದ್ದಬೇಕಿತ್ತೆಂದು ನಾನು ಹೇಳಲಾರೆ. ಅಲ್ಲಿ ಐವರ ಮಾತೂ ಯುಕ್ತವೇ. ವಿಶೇಷ ವಿವಾಹ ಕಾಯಿದೆಯ ಪ್ರತಿಯನ್ನು ತೆಗೆದು ಓದಿದವರಿಗೆ ಇದು ತಾನಾಗಿ ಗೋಚರಿಸುತ್ತದೆ. ನಿಷಿದ್ಧ ಸಂಬಂಧಗಳ ಪಟ್ಟಿ ಪುರುಷನಿಗೊಂದು, ಸ್ತ್ರೀಗೊಂದು. ವಿಚ್ಛೇದನಕ್ಕೆ ಹೆಂಡತಿಗೆ ಮಾತ್ರ ದತ್ತವಾದ ಕಾರಣಗಳು ಬೇರೆ. 36 ಮತ್ತು 37ನೆಯ ಕಲಮುಗಳಂತೆ ಜೀವನಾಂಶವನ್ನು ಗಂಡನು ಹೆಂಡತಿಗೆ ಕೊಡಬೇಕು. ಇಬ್ಬರು ಸ್ತ್ರೀಯರೋ ಇಬ್ಬರು ಪುರುಷರೋ ವಿವಾಹವಾಗಿ ಮುಂದೆ ಬೇರೆಯಾದರೆ ಕೊಡುವವರು ಯಾರು, ಪಡೆಯುವವರು ಯಾರು? 'ಗಂಡ', 'ಹೆಂಡತಿ' ಎಂಬೆಡೆಯಲ್ಲೆಲ್ಲ 'ಸಂಗಾತಿ' ಎಂದು ಬರೆದುಬಿಟ್ಟರೆ, ದುಡಿಮೆಯಿಲ್ಲದ ಗೃಹಿಣಿಗಾಗಿ ಬೇಕೆಂದೇ ಇಟ್ಟ ರಕ್ಷಣೆ ಸಡಿಲವಾಗುವ ಭಯವೂ ಇದೆ. 21ಎ ಕಲಮಿನ ಮೂಲಕ ಈ ಕಾಯಿದೆ ಉತ್ತರಾಧಿಕಾರದ ವೈಯಕ್ತಿಕ ಕಾನೂನುಗಳಿಗೆ ಹೆಣೆದುಕೊಂಡಿದೆ. ಒಂದು ಎಳೆ ಎಳೆದರೆ ಇಡೀ ಬಟ್ಟೆ ಸುಕ್ಕಾಗುತ್ತದೆ. ಇದು ಶಾಸನಸಭೆಯವರು ಕುಳಿತು ನೇಯಬೇಕಾದ ಬಟ್ಟೆಯೇ ಸರಿ.

ಅಲ್ಪಮತದ ಮುಖ್ಯ ನ್ಯಾಯಮೂರ್ತಿಗಳ ಬರಹಕ್ಕೆ ಬೇರೆಯ ದೋಷವಿದೆ. ಅದರ ವಿದ್ವತ್ತು ಅಪಾರ. ಇಂತಹ ಪ್ರವೃತ್ತಿ ಪಟ್ಟಣದ್ದೂ ಅಲ್ಲ, ಸಿರಿವಂತರದೂ ಅಲ್ಲ ಎಂಬುದನ್ನು ಪ್ರತಿಪಾದಿಸಿದ ಭಾಗ ಈ ತೀರ್ಪಿನಲ್ಲಿ ಬಹುಕಾಲ ಉಳಿಯಬಹುದಾದದ್ದು. ಆದರೆ 247 ಪುಟಗಳನ್ನು ನಡೆದು ಬಂದ ಮೇಲೆ ದೊರೆಯುವ 'ಒಡನಾಟದ ಹಕ್ಕು' ಎಂಬುದರೊಳಗೆ ಏನಿದೆ ಎಂದು ನೋಡಿದರೆ, ಅದನ್ನು ತುಂಬುವ ಕೆಲಸ ಅಲ್ಲಿಯೂ ಸಮಿತಿಗೇ ಸೇರಿದೆ. ಪಾತ್ರೆ ಕೊಟ್ಟರು, ಅನ್ನ ಮುಂದೆ ಬರುತ್ತದೆಂದರು. ಕೌಲ್ ಅವರು ಹದಿನೇಳೇ ಪುಟಗಳಲ್ಲಿ ಇದಕ್ಕಿಂತ ನೇರವಾಗಿ ಮಾತನಾಡಿದ್ದಾರೆ. ಚಂದ್ರಚೂಡರು ಒಂದೆಡೆ ಮಾತ್ರ ಕೈಗೆ ಸಿಗುವಂತಹದನ್ನು ಕೊಡಲು ಯತ್ನಿಸಿದರು. ದತ್ತು ಸ್ವೀಕಾರಕ್ಕೆ ಜೋಡಿಯೊಂದು ಎರಡು ವರ್ಷಗಳ ಸ್ಥಿರ ವೈವಾಹಿಕ ಜೀವನ ನಡೆಸಿರಬೇಕೆಂಬ 2022ರ ನಿಯಮಾವಳಿಯ ಷರತ್ತು ಅಸಾಂವಿಧಾನಿಕ ಎಂದರು; ಬಹುಮತ ಅದನ್ನು ಒಪ್ಪಲಿಲ್ಲ.

ಇನ್ನು ಈ ಮೊಕದ್ದಮೆಯಲ್ಲಿ ನಿಜವಾಗಿ ಪಣಕ್ಕಿದ್ದುದೇನು? ಪತ್ರಿಕೆಗಳು ಹಾರ, ಬಾಸಿಂಗ, ಮೆರವಣಿಗೆಗಳ ಚಿತ್ರಗಳನ್ನು ಮುದ್ರಿಸಿದುದರಿಂದ ಇದು ಸಮಾರಂಭದ ಪ್ರಶ್ನೆಯೆಂದು ಹಲವರು ಭಾವಿಸಿದರು. ನನ್ನಂತಹ ಲೆಕ್ಕದವನಿಗೆ ಇದು ಖಾತೆ ಪುಸ್ತಕದ ಪ್ರಶ್ನೆಯಾಗಿಯೇ ತೋರುತ್ತದೆ. ಇಬ್ಬರು ಮೂವತ್ತು ವರ್ಷ ಒಟ್ಟಿಗೆ ಬಾಳಿ, ಇಬ್ಬರ ಸಂಬಳದಿಂದಲೂ ಕಂತು ಕಟ್ಟಿ ಒಂದು ಮನೆ ಕೊಂಡಿದ್ದಾರೆಂದು ಇಟ್ಟುಕೊಳ್ಳಿ. ಮನೆ ಒಬ್ಬನ ಹೆಸರಿನಲ್ಲಿದೆ. ಆತ ಉಯಿಲು ಬರೆಯದೆ ಕಾಲವಾದ. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಆಸ್ತಿ ತಾಯಿಗೆ ಹೋಗುತ್ತದೆ. ತಾಯಿಯಿಲ್ಲದಿದ್ದರೆ ತಂದೆಗೆ, ಅನಂತರ ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ. ಇಪ್ಪತ್ತು ವರ್ಷ ಮನೆಯ ಹೊಸ್ತಿಲು ತುಳಿಯದ ಅಣ್ಣನ ಮಗ ಬೀಗದ ಕೈ ಕೇಳಬಹುದು. ಜೊತೆಯಲ್ಲಿ ಬಾಳಿದವನು ಆ ಪಟ್ಟಿಯ ಯಾವ ಸಾಲಿನಲ್ಲಿಯೂ ಇಲ್ಲ.

'ನಾಮಿನಿ ಎಂದು ಬರೆದರೆ ಸಾಲದೇ?' ಎಂದು ಸ್ನೇಹಿತರು ಕೇಳುತ್ತಾರೆ. ನಾಮಿನಿ ಎಂದರೆ ವಾರಸುದಾರನೆಂಬ ತಪ್ಪು ತಿಳಿವಳಿಕೆ ವ್ಯಾಪಾರಸ್ಥರಲ್ಲಿಯೂ ವ್ಯಾಪಕವಾಗಿದೆ. ಜೀವ ವಿಮೆಯ ನಾಮಿನಿ ಹಣವನ್ನು ಪಡೆದುಕೊಳ್ಳುವ ಕೈ ಮಾತ್ರ, ಒಡೆತನ ವಾರಸುದಾರರದು ಎಂದು ಸರ್ವೋಚ್ಚ ನ್ಯಾಯಾಲಯವು 1983ರ ಸರಬತಿ ದೇವಿ ಪ್ರಕರಣದಲ್ಲಿ ಹೇಳಿತು. 2015ರಲ್ಲಿ ವಿಮಾ ಕಾಯಿದೆಗೆ ತಿದ್ದುಪಡಿಯಾಗಿ ನಾಮಿನಿಯೇ ಹಣದ ಒಡೆಯನಾಗುವ ಅನುಕೂಲವೇನೋ ಬಂದಿತು. ಆದರೆ ಆ ಅನುಕೂಲ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಮಾತ್ರ. ಕಂಪನಿ ಷೇರುಗಳ ನಾಮಿನಿಯೂ ಒಡೆಯನಲ್ಲವೆಂದು 2023ರ ಡಿಸೆಂಬರ್‌ನಲ್ಲಿ, ಅಂದರೆ ಈ ತೀರ್ಪು ಬಂದ ಎರಡೇ ತಿಂಗಳಲ್ಲಿ, ಅದೇ ನ್ಯಾಯಾಲಯವು ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಸ್ಥಿರಪಡಿಸಿತು. ಭವಿಷ್ಯ ನಿಧಿಯಲ್ಲಿಯಾದರೋ ಕುಟುಂಬವುಳ್ಳ ಸದಸ್ಯನು ಕುಟುಂಬದವರನ್ನೇ ಹೆಸರಿಸಬೇಕು. ಬದುಕಿರುವಾಗಲೇ ಕೊಟ್ಟುಬಿಡೋಣವೆಂದರೆ, ಸಂಬಂಧಿಯಲ್ಲದವರಿಂದ ವರ್ಷದಲ್ಲಿ 50,000 ರೂಪಾಯಿಗೆ ಮೀರಿ ಬಂದ ಕೊಡುಗೆ ಪಡೆದವನ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಗಂಡ-ಹೆಂಡಿರ ನಡುವಣ ಕೊಡುಗೆಗೆ ಆ ತೆರಿಗೆಯಿಲ್ಲ. ದಾನಪತ್ರದ ಮುದ್ರಾಂಕ ಶುಲ್ಕದಲ್ಲಿಯೂ ಕುಟುಂಬಕ್ಕೆ ರಿಯಾಯಿತಿ, ಹೊರಗಿನವರಿಗೆ ಪೂರ್ಣ ದರ.

ಉಯಿಲು ಬರೆಯಬಹುದೆಂಬುದು ಸತ್ಯ. ಎಲ್ಲರೂ ಬರೆಯಬೇಕೆಂದು ನಾನು ಈ ಪುಟಗಳ ವಾಚಕರಿಗೆ ಬೇರೆ ಕಾರಣಗಳಿಂದಲೂ ಹೇಳುತ್ತ ಬಂದಿದ್ದೇನೆ. ಆದರೆ ಉಯಿಲು, ಪಾಲುದಾರಿಕೆ ಪತ್ರ, ಅಧಿಕಾರಪತ್ರ, ಇವೆಲ್ಲವೂ ಒಪ್ಪಂದದ ಜಾತಿಯವು. ಒಪ್ಪಂದ ಸಹಿ ಹಾಕಿದವರನ್ನು ಕಟ್ಟುತ್ತದೆ. ವಿವಾಹವೆಂಬ ಪದವಿ ಮೂರನೆಯವರನ್ನೂ ಕಟ್ಟುತ್ತದೆ. ಆಸ್ಪತ್ರೆಯ ತುರ್ತು ಘಟಕದ ಬಾಗಿಲಲ್ಲಿ 'ನೀವು ಇವರಿಗೆ ಏನಾಗಬೇಕು?' ಎಂದು ಕೇಳುವ ಗುಮಾಸ್ತ ನಮ್ಮ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಿದವನಲ್ಲ. 'ಹೆಂಡತಿ' ಎಂಬ ಒಂದು ಮಾತಿಗೆ ಅವನು ದಾರಿ ಬಿಡುತ್ತಾನೆ, ಇಪ್ಪತ್ತು ರೂಪಾಯಿ ಛಾಪಾ ಕಾಗದವನ್ನು ಅವನು ಓದುವುದೂ ಇಲ್ಲ. ಈ ಭೇದವನ್ನು ಬಹುಮತದವರು ಅರಿಯದವರಲ್ಲ. ಭವಿಷ್ಯ ನಿಧಿ, ರಾಜ್ಯ ವಿಮೆ, ನಿವೃತ್ತಿ ವೇತನಗಳಂತಹ ದುಡಿದು ಗಳಿಸಿದ ಸೌಲಭ್ಯಗಳೂ ವಿವಾಹದ ಕಂಬಕ್ಕೆ ಕಟ್ಟಿರುವುದರಿಂದ ಈ ಜನರಿಗೆ ತಾರತಮ್ಯದ ಪರಿಣಾಮವಾಗುತ್ತಿದೆ ಎಂದು ಭಟ್ಟರು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ. ಈ ಚೌಕಟ್ಟಿನ ಪುನರಾವಲೋಕನ ಅಗತ್ಯವೆಂದು ನರಸಿಂಹ ಅವರೂ ಹೇಳಿದ್ದಾರೆ. ಬಾಕಿಯನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆ ತೀರಿಸುವ ದಿನವನ್ನು ಬರೆಯಬೇಡವೇ?

ಇಲ್ಲಿ ಒಂದು ಉಪಕಥೆ. ಹೀಗೆ ಒಡನೆ ಬಾಳುವವರಿಗೆ ಸವಲತ್ತು ಕೊಡುವುದಾದರೆ ಒಟ್ಟಿಗಿರುವ ಇಬ್ಬರು ಅವಿವಾಹಿತ ಸಹೋದರಿಯರಿಗೇಕೆ ಇಲ್ಲ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಇಂಗ್ಲೆಂಡಿನಲ್ಲಿ ನಿಜವಾಗಿಯೇ ಎದ್ದಿತು. ಜೀವಮಾನವಿಡೀ ಒಂದೇ ಮನೆಯಲ್ಲಿ ಬಾಳಿದ ಬರ್ಡನ್ ಸಹೋದರಿಯರು, ಒಬ್ಬರು ತೀರಿಕೊಂಡರೆ ಇನ್ನೊಬ್ಬರು ವಾರಸು ತೆರಿಗೆ ಕಟ್ಟಲು ಮನೆಯನ್ನೇ ಮಾರಬೇಕಾದೀತೆಂದು, ನೋಂದಾಯಿತ ಸಲಿಂಗ ಜೋಡಿಗಳಿಗೆ ಇರುವ ವಿನಾಯಿತಿ ತಮಗೂ ಬೇಕೆಂದು ಕೇಳಿದರು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2008ರಲ್ಲಿ ಅದನ್ನು ನಿರಾಕರಿಸಿತು. ಒಡಹುಟ್ಟಿನ ಸಂಬಂಧ ರಕ್ತದಿಂದ ಬಂದದ್ದು. ವಿವಾಹವಾಗಲಿ ನೋಂದಾಯಿತ ಒಡನಾಟವಾಗಲಿ ಇಬ್ಬರು ಬಹಿರಂಗವಾಗಿ ಕೈಗೊಂಡ ಬಾಧ್ಯತೆ, ಬಿಡಬೇಕಾದರೂ ಕಾನೂನಿನ ಬಾಗಿಲಿನಿಂದಲೇ ಹೊರಹೋಗಬೇಕಾದದ್ದು ಎಂಬುದು ಅದರ ವಿವೇಚನೆ. ಸಹೋದರಿಯರ ಬಗ್ಗೆ ನನಗೆ ಮರುಕವಿದೆ. ಆದರೂ ಭೇದ ಸರಿಯಾದದ್ದು. ಮೇಲೆ ಹೇಳಿದ ಖಾತೆಯಲ್ಲಿ ಬರಿಯ ಜಮೆಯಲ್ಲ, ಖರ್ಚಿನ ಪಕ್ಕವೂ ಇದೆ: ಪೋಷಣೆ, ಸಾಲ, ಏಕನಿಷ್ಠೆ, ಬಿಡುವಾಗ ಪರಿಹಾರ. ಸವಲತ್ತು ಕೇಳುವವರು ಈ ಬಾಧ್ಯತೆಗಳನ್ನೂ ಹೊರಲು ಬಂದಿದ್ದಾರೆಂಬುದನ್ನು ವಿರೋಧಿಗಳು ಲಕ್ಷಿಸುವುದಿಲ್ಲ.

ಮುದ್ದತಿನ ಮಾತಿಗೆ ಬರೋಣ. ಶಾಸನಸಭೆಯ ಕೆಲಸವನ್ನು ತಾನು ಮಾಡದೆ, ಶಾಸನಸಭೆ ಮಾಡುವಂತೆ ನೋಡಿಕೊಳ್ಳುವ ದಾರಿ ನ್ಯಾಯಾಲಯಕ್ಕೆ ಇಲ್ಲವೇ? ಎರಡು ನಿದರ್ಶನಗಳಿವೆ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು 2005ರ ಡಿಸೆಂಬರ್ 1ರಂದು ಫೋರಿ ಪ್ರಕರಣದಲ್ಲಿ, ಸಂಸತ್ತಿಗೆ ಹನ್ನೆರಡು ತಿಂಗಳು ಕೊಟ್ಟಿತು. ಅಷ್ಟರಲ್ಲಿ ಕಾನೂನು ಆಗದಿದ್ದರೆ ಹಳೆಯ ವಿವಾಹ ಕಾಯಿದೆಯ ಪ್ರತಿಜ್ಞೆಯಲ್ಲಿ 'ಸಂಗಾತಿ' ಎಂಬ ಪದ ತಾನಾಗಿಯೇ ಸೇರಿಕೊಳ್ಳುವುದೆಂದಿತು. ಅಲ್ಲಿಯ ಸಂಸತ್ತಿನ ಕಾಯಿದೆ 2006ರ ನವೆಂಬರ್ 30ರಂದು, ಗಡುವಿಗೆ ಒಂದೇ ದಿನ ಮೊದಲು, ಜಾರಿಗೆ ಬಂದಿತು! ತೈವಾನಿನ ಸಂವಿಧಾನ ನ್ಯಾಯಾಲಯವು 2017ರ ಮೇ 24ರಂದು 748ನೆಯ ವ್ಯಾಖ್ಯಾನದಲ್ಲಿ ಎರಡು ವರ್ಷದ ಅವಧಿ ವಿಧಿಸಿತು. ತಪ್ಪಿದರೆ ಜೋಡಿಗಳು ಇಬ್ಬರು ಸಾಕ್ಷಿಗಳ ಸಹಿಯೊಡನೆ ನೇರವಾಗಿ ನೋಂದಣಿ ಮಾಡಿಸಿಕೊಳ್ಳಬಹುದೆಂದಿತು. ನಡುವೆ 2018ರ ನವೆಂಬರ್‌ನಲ್ಲಿ ನಡೆದ ಜನಮತಗಣನೆಯಲ್ಲಿ ಅಲ್ಲಿಯ ಮತದಾರರು ನಾಗರಿಕ ಸಂಹಿತೆಯನ್ನು ತಿದ್ದುವುದಕ್ಕೆ ವಿರೋಧ ಸೂಚಿಸಿದರು. ಶಾಸನಸಭೆಯು ಎರಡನ್ನೂ ಗೌರವಿಸಿ, ಸಂಹಿತೆಯನ್ನು ಮುಟ್ಟದೆ, ಪ್ರತ್ಯೇಕವಾದ 27 ಕಲಮುಗಳ ಕಾಯಿದೆಯೊಂದನ್ನು ರಚಿಸಿತು. ಅದು 2019ರ ಮೇ 24ರಂದು, ಸರಿಯಾಗಿ ಮುದ್ದತು ತೀರುವ ದಿನ, ಜಾರಿಗೆ ಬಂದಿತು. ಜನರ ಅಸಮಾಧಾನವನ್ನೂ ಅಲ್ಪಸಂಖ್ಯೆಯ ಹಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ಕೆಲಸ ಜಾಣ್ಮೆಯದು.

ನಮ್ಮ ಪೀಠದವರು ಹೊರದೇಶದ ತೀರ್ಪುಗಳನ್ನು ಓದದವರಲ್ಲ. ಆದರೂ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸುತ್ತೇವೆಂದು ಸಾಲಿಸಿಟರ್ ಜನರಲ್ ನೀಡಿದ ಭರವಸೆಯನ್ನು ದಾಖಲಿಸಿಕೊಂಡು ನಿಂತರು. ವರದಿ ಯಾವಾಗ, ಅದರ ಮೇಲೆ ಕ್ರಮ ಯಾವಾಗ ಎಂಬ ಮಾತಿಲ್ಲ. ಮೂಲಭೂತ ಹಕ್ಕೇ ಇಲ್ಲವೆಂದ ಮೇಲೆ ಗಡುವು ವಿಧಿಸಲು ಆಧಾರವೆಲ್ಲಿ ಎಂದು ಬಹುಮತದ ಪರವಾಗಿ ವಾದಿಸಬಹುದು. ವಿವಾಹದ ಮಟ್ಟಿಗೆ ಆ ವಾದ ನಿಲ್ಲುತ್ತದೆ. ಆದರೆ ಸೌಲಭ್ಯಗಳಲ್ಲಿ ತಾರತಮ್ಯದ ಪರಿಣಾಮವಿದೆಯೆಂದು ತಾವೇ ಕಂಡುಕೊಂಡ ಭಾಗಕ್ಕೆ ಅದು ನಿಲ್ಲದು. ಇನ್ನು ಸಂಸತ್ತು ತಾನಾಗಿ ಮಾಡಲಿ ಎಂದರೆ, 2022ರ ಏಪ್ರಿಲ್‌ನಲ್ಲಿ ಶ್ರೀಮತಿ ಸುಪ್ರಿಯಾ ಸುಳೆ ಅವರು ಲೋಕಸಭೆಯಲ್ಲಿ ವಿಶೇಷ ವಿವಾಹ ಕಾಯಿದೆಗೆ ತಿದ್ದುಪಡಿಯ ಖಾಸಗಿ ಮಸೂದೆಯನ್ನು ಮಂಡಿಸಿದ್ದರು. 1970ರ ತರುವಾಯ ನಮ್ಮಲ್ಲಿ ಖಾಸಗಿ ಸದಸ್ಯರ ಒಂದು ಮಸೂದೆಯೂ ಕಾಯಿದೆಯಾಗಿಲ್ಲವೆಂಬುದನ್ನು ಬಲ್ಲವರು ಅದರಿಂದ ಏನನ್ನು ನಿರೀಕ್ಷಿಸಲು ಸಾಧ್ಯ? ಥಾಯ್ಲೆಂಡಿನಲ್ಲಿ ಸಂಸತ್ತೇ ಕಾನೂನು ಮಾಡಿ 2025ರ ಜನವರಿ 23ರಿಂದ ಜಾರಿಗೆ ತಂದಿತು ಎಂಬುದೂ ನಿಜ. ಅಲ್ಲಿ ಸರ್ಕಾರವೇ ಮುಂದೆ ನಿಂತಿತ್ತು.

ಇದೆಲ್ಲ ಸರಿ, ಶಾಸ್ತ್ರ ಏನು ಹೇಳುತ್ತದೆ ಎಂದು ಕೆಲವು ವಾಚಕರು ಕೇಳದಿರಲಾರರು. ಸೋಮದೇವ ಸೂರಿಗಳು ಯಶಸ್ತಿಲಕ ಚಂಪುವಿನಲ್ಲಿ ಗೃಹಸ್ಥರ ಧರ್ಮವನ್ನು ಲೌಕಿಕ, ಪಾರಲೌಕಿಕವೆಂದು ವಿಂಗಡಿಸಿ, ಮೊದಲನೆಯದಕ್ಕೆ ಲೋಕವೂ ಎರಡನೆಯದಕ್ಕೆ ಆಗಮವೂ ಆಧಾರವೆಂದರು. ವಿವಾಹ ಲೌಕಿಕದ ಸಾಲಿಗೆ ಸೇರಿದ್ದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ವೇದಮಾರ್ಗಣೆಯಲ್ಲಿ ಸ್ತ್ರೀವೇದ, ಪುರುಷವೇದ, ನಪುಂಸಕವೇದಗಳೆಂಬ ಮೂರು ಕಾಮಪ್ರವೃತ್ತಿಗಳ ವಿವೇಚನೆಯಿದೆ. ದೇಹದ ಲಿಂಗವೂ ಭಾವದ ವೇದವೂ ಸಾಮಾನ್ಯವಾಗಿ ಒಂದೇ, ಕೆಲವೆಡೆ ಮಾತ್ರ ಭಿನ್ನ ಎಂದು ಅಲ್ಲಿ ಹೇಳಿದೆ. ಸಾವಿರ ವರ್ಷಗಳ ಹಿಂದೆ ಶ್ರವಣಬೆಳಗೊಳದ ಪರಿಸರದಲ್ಲಿದ್ದ ಆಚಾರ್ಯರಿಗೆ ಈ ಭಿನ್ನತೆ ಅಪರಿಚಿತವಾಗಿರಲಿಲ್ಲ. ಅದನ್ನು ಪಶ್ಚಿಮದಿಂದ ಬಂದ ಗಾಳಿ ಎನ್ನುವವರು ಗಮನಿಸಬೇಕು. ಹಾಗೆಂದು ಶಾಸ್ತ್ರವು ಇದನ್ನು ಹರಸುತ್ತದೆ ಎಂದು ಹೇಳಿದರೆ ಅಪಚಾರವಾದೀತು. ಮೂರು ವೇದಗಳೂ ಮೋಹನೀಯ ಕರ್ಮದ ಉದಯದಿಂದ ಆದವು, ಮೂರೂ ಬಂಧಕವೇ. ಸ್ವದಾರ ಸಂತೋಷ ವ್ರತಕ್ಕೆ ಅನಂಗಕ್ರೀಡೆ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಆದರೆ ಅದೇ ಸೂತ್ರದ ಮೊದಲ ಅತಿಚಾರ ಪರವಿವಾಹಕರಣ, ಅಂದರೆ ಅನ್ಯರ ಮದುವೆಗಳನ್ನು ಕೂಡಿಸುವುದು. ವಧೂವರ ಸಮಾವೇಶಗಳನ್ನು ಏರ್ಪಡಿಸುವ ನಮ್ಮ ಸಂಘಗಳೂ ವಧೂವರರ ಅಂಕಣ ಮುದ್ರಿಸುವ ಸಮಾಜದ ಪತ್ರಿಕೆಗಳೂ ಆ ಪಂಕ್ತಿಯನ್ನು ಓದುವಾಗ ಸ್ವಲ್ಪ ಮೆಲ್ಲಗೆ ಓದುತ್ತವೆ. ವ್ರತದ ಅಳತೆ ವ್ರತಿಗೆ. ನೆರೆಯವನ ಭವಿಷ್ಯ ನಿಧಿಗೆ ಅದನ್ನು ಅನ್ವಯಿಸಲು ಯಾವ ಆಚಾರ್ಯರೂ ಹೇಳಿಲ್ಲ.

ಬಸದಿಗಳ ವಿಶ್ವಸ್ತರಲ್ಲಿ ಒಂದು ಅಳುಕಿದೆ: ನಾಳೆ ಕಾನೂನು ಬಂದರೆ ನಮ್ಮ ಕಲ್ಯಾಣ ಮಂಟಪದಲ್ಲಿ, ನಮ್ಮ ಪುರೋಹಿತರಿಂದಲೇ ಇಂತಹ ವಿವಾಹ ಮಾಡಿಸಬೇಕೆಂಬ ಒತ್ತಾಯ ಬಂದೀತೇ? ವಿಶೇಷ ವಿವಾಹವು ವಿವಾಹಾಧಿಕಾರಿಯ ಎದುರಿಗೆ ನಡೆಯುವಂತಹುದು, ಅದಕ್ಕೆ ಪುರೋಹಿತರ ಅಗತ್ಯವೇ ಇಲ್ಲ. ಈ ಬಗೆಯ ಸಂಬಂಧಗಳಿಗೆ ಜಗತ್ತಿನಲ್ಲೇ ಮೊದಲು ನೋಂದಣಿಯ ಹಕ್ಕು ಕೊಟ್ಟ ಡೆನ್ಮಾರ್ಕ್ 1989ರಲ್ಲಿ ಚರ್ಚಿನ ವಿವಾಹವನ್ನು ಅದರಿಂದ ಹೊರಗಿಟ್ಟಿತ್ತು. ರಾಷ್ಟ್ರೀಯ ಚರ್ಚಿನ ಬಾಗಿಲು ತೆರೆದದ್ದು 2012ರಲ್ಲಿ. ದಕ್ಷಿಣ ಆಫ್ರಿಕದ ಕಾಯಿದೆಯಂತೆ ಧಾರ್ಮಿಕ ಸಂಸ್ಥೆಗಳು ಇಚ್ಛಿಸಿದರೆ ಮಾತ್ರ ಅನುಮತಿ ಪಡೆಯುತ್ತವೆ. ರಾಜ್ಯದ ಅಧಿಕಾರಿಗಳಿಗೆ ಆತ್ಮಸಾಕ್ಷಿಯ ಕಾರಣದಿಂದ ನಿರಾಕರಿಸುವ ಅವಕಾಶವಿದ್ದುದನ್ನು 2020ರಲ್ಲಿ ತೆಗೆದುಹಾಕಿದರು. ಸಂಬಳ ಪಡೆಯುವ ಅಧಿಕಾರಿ ಬೇರೆ, ಪೂಜೆ ಮಾಡುವವರು ಬೇರೆ ಎಂಬ ವಿವೇಕ ಅಲ್ಲಿದೆ.

ತೀರ್ಪಿನ ಮರುಪರಿಶೀಲನೆಗೆ ಸಲ್ಲಿಸಿದ ಅರ್ಜಿಗಳನ್ನು 2025ರ ಜನವರಿ 9ರಂದು ಹೊಸ ಪೀಠವೊಂದು ವಜಾ ಮಾಡಿತು. ಮೂಲ ಪೀಠದವರಲ್ಲಿ ಆ ವೇಳೆಗೆ ನರಸಿಂಹ ಅವರೊಬ್ಬರೇ ಸೇವೆಯಲ್ಲಿದ್ದರು. ಭರವಸೆಯಂತೆ ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಅದೇ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದಂತೆ, ಇಂತಹ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ. ಪಡಿತರ ಚೀಟಿಯಲ್ಲಿ ಒಂದೇ ಕುಟುಂಬವೆಂದು ಗಣಿಸಬೇಕು. ರಕ್ತ ಸಂಬಂಧಿಗಳು ಇಲ್ಲದಾಗ ಮೃತದೇಹವನ್ನು ಸಂಗಾತಿ ಪಡೆಯಬಹುದು. 2025ರ ಮೇ ತಿಂಗಳಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಮನೆಯವರ ವಶದಲ್ಲಿದ್ದ ಯುವತಿಯೊಬ್ಬಳ ಪ್ರಕರಣದಲ್ಲಿ, ಕುಟುಂಬ ಕಟ್ಟಲು ವಿವಾಹವೊಂದೇ ದಾರಿಯಲ್ಲ ಎಂದಿತು. ಬ್ಯಾಂಕಿನ ಜಂಟಿ ಖಾತೆಗೆ ಮೊದಲಾದರೂ ಕಾನೂನಿನ ಅಡ್ಡಿಯೇನೂ ಇರಲಿಲ್ಲವೆಂಬುದನ್ನು ಲೆಕ್ಕಪತ್ರ ಬಲ್ಲವರೆಲ್ಲ ತಿಳಿದಿದ್ದಾರೆ. ಇದ್ದುದನ್ನೇ ಸುತ್ತೋಲೆಯಾಗಿ ಹೇಳಿದರು. ಉತ್ತರಾಧಿಕಾರ, ಭವಿಷ್ಯ ನಿಧಿ, ನಿವೃತ್ತಿ ವೇತನ, ಕೊಡುಗೆಯ ಮೇಲಣ ತೆರಿಗೆ, ಅಂದರೆ ತೀರ್ಪಿನಲ್ಲಿ ಬಾಕಿಯೆಂದು ಬರೆದುಕೊಂಡವು ಮತ್ತು ಅವುಗಳಿಗೆ ಹೊಂದಿಕೊಂಡವು, ಆ ಪ್ರಕಟಣೆಯಲ್ಲಿ ಇರಲಿಲ್ಲ.